ಮೇಲ್ಮಣ್ಣಿನ ಸರದಿ

ನಾಗಪುರದ ಸರಕಾರಿ ಕಚೇರಿಯೊಂದರಲ್ಲಿ ನಾನು ಕಾರಕೂನ. ಕಲ್ಲಿದ್ದಲ ಗಣಿಗಳ ಕಡತಗಳು ನನ್ನ ಮೇಜಿನ ಮೇಲೆ ಬಂದು, ಸಾಹೇಬರ ರುಜುವಿಗಾಗಿ ಮುಂದೆ ಹೋಗುತ್ತವೆ. ಕೋಷ್ಟಕದ ಅಂಕಿಗಳು ತಾಳೆಯಾಗಿವೆಯೆ ಎಂದು ನೋಡುವುದಷ್ಟೇ ನನ್ನ ಪಾಲಿನ ಕೆಲಸ. ಇದರಲ್ಲಿ ಬರೆಯುವಂಥದೇನಿದೆ ಎಂದು ಓದುಗರು ಕೇಳಬಹುದು. ಆದರೆ ಆ ಕೋಷ್ಟಕವನ್ನು ಓದುವ ಬಗೆಯನ್ನು ನನಗೆ ಹೇಳಿಕೊಟ್ಟವರು ಇಂಜಿನಿಯರರಲ್ಲ. ನಾಲ್ಕನೆಯ ಇಯತ್ತೆಯಷ್ಟೇ ಓದಿದ, ವಿಜಾಪುರದ ಕಡೆಯ ಒಕ್ಕಲಿಗರಾದ ನಮ್ಮ ತಂದೆ. ಆದ್ದರಿಂದ ಬರೆಯುತ್ತಿದ್ದೇನೆ.

ತೆರೆದ ಗಣಿಯಲ್ಲಿ ಸುರಂಗವಿರುವುದಿಲ್ಲ. ನೆಲವನ್ನೇ ಪದರ ಪದರವಾಗಿ ತೆಗೆಯುತ್ತಾರೆ. ಮೊದಲು ಬೆಳೆ ಕೊಡುವ ಮೇಲ್ಮಣ್ಣು, ಅದರ ಕೆಳಗೆ ಜೇಡಿ ಮತ್ತು ಮರಳುಗಲ್ಲು, ಕೊನೆಗೆ ಕಲ್ಲಿದ್ದಲು. ಮೊದಲನೆಯ ಹೊಂಡದ ಕಲ್ಲುಮಣ್ಣಿಗೆ ಒಳಗೆ ಜಾಗವಿಲ್ಲ. ಹೊರಗೆ ಗುಡ್ಡವಾಗಿ ಸುರಿಯಲೇಬೇಕು. ಗಣಿ ಮುಂದೆ ಸಾಗಿದಂತೆ ಹಿಂದಿನ ಹೊಂಡ ಬರಿದಾಗುತ್ತದೆ. ಆಗ ಮುಂದೆ ಅಗೆದದ್ದನ್ನು ಹಿಂದೆ ತುಂಬುತ್ತ ಬರಬಹುದು. ಯಂತ್ರಗಳೂ ಲಾರಿಗಳೂ ಓಡಾಡುವಷ್ಟು ದಾರಿ ಬಿಟ್ಟು, ತುಂಬುವವರು ಅಗೆಯುವವರ ಬೆನ್ನ ಹಿಂದೆಯೇ ಬರಬೇಕು. ನಮ್ಮ ಕಡೆಯವರಿಗೆ ಇದು ಹೊಸದಲ್ಲ: ಮುಂದೆ ನೇಗಿಲು, ಹಿಂದೆ ಕುಂಟೆ, ಅದರ ಹಿಂದೆ ಕೂರಿಗೆ.

ಯಾವ ವರ್ಷ ಎಷ್ಟು ಹೆಕ್ಟೇರು ಅಗೆಯುವುದು, ಎಷ್ಟು ತುಂಬಿ ಸಮ ಮಾಡುವುದು, ಎಷ್ಟರ ಮೇಲೆ ಮೇಲ್ಮಣ್ಣು ಹರಡುವುದು, ಎಷ್ಟರಲ್ಲಿ ಗಿಡ ನೆಡುವುದು—ಕೋಷ್ಟಕದಲ್ಲಿ ಒಂದೊಂದಕ್ಕೂ ಒಂದೊಂದು ಅಂಕಣ. ಕೇಂದ್ರದ ಕಲ್ಲಿದ್ದಲು ಮಂತ್ರಾಲಯವು 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಗಣಿ ನಡೆಯುತ್ತಿರುವಾಗಲೇ ಹಂತಹಂತವಾಗಿ ಮುಚ್ಚುತ್ತ ಬರುವ ಯೋಜನೆಯನ್ನು ಕಡ್ಡಾಯ ಮಾಡಿತು. ಅದಕ್ಕಾಗಿ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ, ಸುರಂಗದ ಗಣಿಗೆ 1 ಲಕ್ಷ ರೂಪಾಯಿ ಎಂದು ಅಂದಿನ ಬೆಲೆಯಲ್ಲಿ ಗೊತ್ತುಮಾಡಿತು. ಗಣಿಯವರು ತಾವಾಗಿ ಮುಟ್ಟಲಾಗದ ಬ್ಯಾಂಕುಖಾತೆಯಲ್ಲಿ ಈ ಹಣ ಕೂಡಬೇಕು. 2013ರಲ್ಲಿಯೂ ಆಮೇಲೆಯೂ ಈ ನಿಯಮಗಳು ತಿದ್ದುಪಡಿಯಾದವು.

ಕೆಲವು ವರ್ಷಗಳ ಹಿಂದೆ ತಂದೆಯವರು ನಮ್ಮಲ್ಲಿಗೆ ಬಂದಿದ್ದಾಗ, ಚಂದ್ರಪುರದ ಮಹಾಕಾಳಿಯ ದರ್ಶನಕ್ಕೆಂದು ಕರೆದುಕೊಂಡು ಹೊರಟಿದ್ದೆ. ದಾರಿಯುದ್ದಕ್ಕೂ ಹತ್ತಿ, ತೊಗರಿ, ನಮ್ಮೂರಿನಂಥದೇ ಎರೆಭೂಮಿ. ನಡುವೆ ಬೂದುಬಣ್ಣದ ಒಂದು ಗುಡ್ಡ.

"ತಮ್ಮಾ, ಈ ಬಯಲಸೀಮ್ಯಾಗ ಗುಡ್ಡ ಎಲ್ಲಿಂದ ಬಂತು?"

"ಗಣಿ ಅಗದು ಹಾಕಿದ್ದು, ಅಪ್ಪಾ."

"ಹಂಗಾರ ಮ್ಯಾಲಿನ ಎರಿ ಎಲ್ಲಿಟ್ಟಾರ?"

"ಬ್ಯಾರೆ ಕಡೆ ಒಟ್ಟಿರ್ತಾರ."

"ಒಟ್ಟಿ ಎಷ್ಟು ವರ್ಷ ಆತು?"

ನನಗೆ ತಿಳಿದಿರಲಿಲ್ಲ. ಅವರು ತುಸು ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತರು. ಕೃಷ್ಣೆಯ ಹಿನ್ನೀರು ಬಂದಾಗ ನಮ್ಮ ಹೊಲ ಹೋಯಿತು. ಆಗ ನಾನಿನ್ನೂ ಶಾಲೆಯ ಹುಡುಗ. ಆ ಮಾತನ್ನು ಅವರು ಎತ್ತುವುದೇ ಅಪರೂಪ. ಅಂದು ಎತ್ತಿದರು: "ನಮ್ಮದು ನೀರಾಗ ಹೋತು, ತಿರುಗಿ ಬರಂಗಿಲ್ಲ. ಇವರದು ತಿರುಗಿ ಬರೂವಂಥಾದ್ದು. ಅದನ್ನ ಭಾಳ ದಿನ ಕಾಯಿಸಬಾರದು. ಹಗೇವಿನ್ಯಾಗ ವರ್ಷಾನುಗಟ್ಲೆ ಇಟ್ಟ ಬೀಜ ಮೊಳಕಿ ಒಡಿತೈತೇನು?"

ಶಾಸ್ತ್ರವೂ ಇದನ್ನೇ ಹೇಳುತ್ತದೆ. ಮೇಲ್ಮಣ್ಣು ಜೀವವುಳ್ಳದ್ದು, ಅದರಲ್ಲಿ ಬೇರು, ಬೀಜ, ಎರೆಹುಳು, ಕಣ್ಣಿಗೆ ಕಾಣದ ಕೋಟಿ ಜೀವಿಗಳಿವೆ. ಎತ್ತರವಾಗಿ ಒಟ್ಟಿದರೆ ಒಳಗೆ ಗಾಳಿಯಾಡದೆ ಅವು ಸಾಯುತ್ತವೆ. ಅದಕ್ಕೇ ರಾಶಿಯನ್ನು ತಗ್ಗಾಗಿ ಹಾಕಿ, ಮೇಲೆ ಹುಲ್ಲು, ದ್ವಿದಳದ ಬೆಳೆ ಬೆಳೆಸುತ್ತಾರೆ. ಒಂದು ಕಡೆ ತೆಗೆದ ಮಣ್ಣನ್ನು, ಆಗಲೇ ಸಿದ್ಧವಾಗಿರುವ ಇನ್ನೊಂದು ಕಡೆ ನೇರವಾಗಿ ಹರಡುವುದಂತೂ ಎಲ್ಲಕ್ಕಿಂತ ಲೇಸು. ಆದರೆ ಹರಡಲು ನೆಲ ಸಿದ್ಧವಾಗಿರಬೇಕಲ್ಲವೆ? ಸರದಿ ತಪ್ಪಿದರೆ ರಾಶಿಯೇ ಗತಿ.

ಇನ್ನು ಮಳೆಯ ಮಾತು. ಇಲ್ಲಿ ಮುಂಗಾರು ಬರುವುದು ಜೂನ್ ನಡುವಿಗೆ. ನೆನೆದ ಎರೆಮಣ್ಣಿನಲ್ಲಿ ಎತ್ತೂ ನಡೆಯದು, ಯಂತ್ರವೂ ನಡೆಯದು. ಆದ್ದರಿಂದ ಸಮ ಮಾಡುವುದು, ಮಣ್ಣು ಹರಡುವುದು, ನೀರು ಹರಿಯಲು ಕಾಲುವೆ ತೋಡುವುದು ಮೇ ತಿಂಗಳೊಳಗೆ ಮುಗಿಯಬೇಕು. ಸಸಿ ಮೊದಲ ಮಳೆಯ ಹದಕ್ಕೆ ನೆಲ ಸೇರಬೇಕು. ಒಂದು ತಿಂಗಳ ವಿಳಂಬಕ್ಕೆ ಒಂದು ವರ್ಷದ ದಂಡ. ಆ ದಂಡ ಕೋಷ್ಟಕದಲ್ಲಿ ಕಾಣುವುದು ಹೇಗೆ? 2023 ಎಂದಿದ್ದಲ್ಲಿ 2024 ಎಂದಾಗಿರುತ್ತದೆ, ಅಷ್ಟೆ. ಮೊತ್ತಗಳು ಆಗಲೂ ಸರಿಯಾಗಿಯೇ ತಾಳೆಯಾಗುತ್ತವೆ.

ನೆಟ್ಟರೆ ಮುಗಿಯಿತೆಂದೂ ಅಲ್ಲ. ಅಮೆರಿಕದಲ್ಲಿ 1977ರ ಕಾಯಿದೆಯ ಪ್ರಕಾರ, ಬಿತ್ತಿ ನೆಟ್ಟ ಮೇಲೂ 5 ವರ್ಷ ನೆಲದ ಹೊಣೆ ಗಣಿಯವರದೇ. ವರ್ಷದ ಮಳೆ 26 ಅಂಗುಲ ಮೀರದ ಸೀಮೆಯಲ್ಲಿ 10 ವರ್ಷ. ಇಷ್ಟಾದರೂ ಸಾಮಾನ್ಯವಾಗಿ ಕೊನೆಯ ಹೊಂಡವೊಂದು ತುಂಬದೆ ಉಳಿದು, ಕೆರೆಯಾಗುತ್ತದೆ. ಅದರ ದಡ ಎಷ್ಟು ಇಳಿಜಾರಿರಬೇಕು, ನೀರು ಯಾರಿಗೆ ಎಂಬುದನ್ನೂ ಮೊದಲೇ ಬರೆದಿಡಬೇಕು.

ಇದು ಪರರ ಊರಿನ ಸಂಗತಿಯೆಂದು ನಾವು ಸುಮ್ಮನಿರುವ ಹಾಗೂ ಇಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯಿಲ್ಲ. ರಾಯಚೂರಿನ ಶಕ್ತಿನಗರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ಕಲ್ಲಿದ್ದಲು ಹೋಗುತ್ತದೆ; ಚಂದ್ರಪುರ ಜಿಲ್ಲೆಯ ಬರಾಂಜ್ ಗಣಿಯನ್ನು ಕರ್ನಾಟಕ ವಿದ್ಯುತ್ ನಿಗಮಕ್ಕೇ ಹಂಚಲಾಗಿದೆ. ಊರಿನ ನಮ್ಮ ಮನೆಯ ದೀಪಕ್ಕೂ ಇಲ್ಲಿನ ಯಾರದೋ ಎರೆಹೊಲಕ್ಕೂ ಹೀಗೆ ನಂಟಿದೆ.

ಈಗ ಮೇಲ್ಮಣ್ಣಿನ ಅಂಕಣದಲ್ಲಿ ವರ್ಷವೊಂದು ಮುಂದಕ್ಕೆ ಸರಿದಿದ್ದರೆ, ಟಿಪ್ಪಣಿಯಲ್ಲಿ ನಾನೊಂದು ಸಾಲು ಸೇರಿಸುತ್ತೇನೆ: "ಈ ಮಣ್ಣು ತೆಗೆದ ದಿನಾಂಕ ತಿಳಿಸುವುದು." ಕೆಲವು ಸಲ ಉತ್ತರ ಬರುತ್ತದೆ, ಕೆಲವು ಸಲ ಇಲ್ಲ. ಬಾರದಿದ್ದರೆ ಜ್ಞಾಪನಪತ್ರ ಕಳಿಸುತ್ತೇನೆ. ಕಾರಕೂನನ ಕೈಯಲ್ಲಿರುವುದು ಅಷ್ಟೇ ತಾನೆ!

ಊರಿಗೆ ಹೋಗುವಾಗ ನಿಮ್ಮ ರೈಲು ಭಾಂದಕ, ಚಂದ್ರಪುರ, ರಾಮಗುಂಡಂಗಳ ಮೇಲೆ ಹಾದರೆ, ಮಕ್ಕಳಿಗೆ ಅಂಥ ಗುಡ್ಡಗಳನ್ನು ತೋರಿಸಿರಿ. ಹಸಿರಾಗಿದ್ದರೆ ಸಂತೋಷಪಡಲಿ. ಜೊತೆಗೆ, ಅದರ ಹಿಂದಿನ ಹೊಂಡ ತುಂಬಿದೆಯೆ, ಮೇಲಿನ ಎರೆ ಎಲ್ಲಿದೆ ಎಂದು ಕೇಳುವುದನ್ನೂ ಕಲಿಯಲಿ.