ಜೋಡಿ ಹೆಂಗ ಗೊತ್ತಾಗ್ತದ?

ಕಳೆದ ದಸರಾ ರಜೆಗೆ ನಾವು ಮೂವರು ನೀರಮಾನ್ವಿಗೆ ಹೋಗಿದ್ದೆವು. ನಮ್ಮಲ್ಲೊಬ್ಬನ ಊರದು. ರಜೆ ಮುಗಿದ ಮರುದಿನವೇ ನಮ್ಮ ಸೆಮಿನಾರ್. ವಿಷಯ: ಡಿಎನ್‌ಎ ಹಿಡಿಯುವ ಪ್ರೋಟೀನುಗಳು ತಮ್ಮ ಜೋಡಿಯನ್ನು ಹೇಗೆ ಆರಿಸಿಕೊಳ್ಳುತ್ತವೆ. ಸ್ಲೈಡ್ ರೆಡಿ ಇದ್ದವು, ಅರ್ಥ ಮಾತ್ರ ನಮಗೇ ಆಗಿರಲಿಲ್ಲ.

ಸಂಜೆ ಕಟ್ಟೆ ಮ್ಯಾಲೆ ಕೂತಾಗ ಗೆಳೆಯನ ಅಪ್ಪ ಕೇಳಿದರು, "ಏನ್ ಓದಾಕತ್ತೀರಪ್ಪಾ?"

ನಾವು ಜಂಬದಿಂದ ಶುರು ಮಾಡಿದೆವು. "ಕಾಕಾ, ಯಾವ ಜೀನ್ ಯಾವಾಗ ಕೆಲಸ ಮಾಡಬೇಕು ಅಂತ ನೋಡಿಕೊಳ್ಳೋ ಪ್ರೋಟೀನ್ ಇರ್ತಾವ. ಅದರಾಗ ಒಂದು ಕುಟುಂಬ ಒಂಟಿಯಾಗಿ ಡಿಎನ್‌ಎ ಹಿಡಿಯಲ್ಲ, ಇಬ್ಬರು ಕೂಡೇ ಇಕ್ಕಳದಂಗ ಹಿಡಿತಾವ. ಇಬ್ಬರನ್ನೂ ಕೂಡಿಸೋದು ಒಂದು ಜಿಪ್ಪು." 1988ರಲ್ಲಿ ಸ್ಟೀವನ್ ಮೆಕ್‌ನೈಟ್ ಅವರ ತಂಡ ಅದಕ್ಕೆ ಲ್ಯೂಸಿನ್ ಜಿಪ್ಪರ್ ಎಂದು ಹೆಸರಿಟ್ಟಿತು. ಪ್ರೋಟೀನಿನ ಸುರುಳಿಯಲ್ಲಿ ಪ್ರತಿ 7ನೇ ಜಾಗಕ್ಕೆ ಲ್ಯೂಸಿನ್ ಬರುತ್ತದೆ. ಅದು ನೀರಿಗೆ ಸೇರದ, ಎಣ್ಣೆಯ ಗುಣದ್ದು. ಹಾಗಾಗಿ ಎರಡು ಸುರುಳಿಗಳ ಲ್ಯೂಸಿನ್‌ಗಳು ನೀರಿನಿಂದ ತಪ್ಪಿಸಿಕೊಂಡು ಒಂದಕ್ಕೊಂದು ಒತ್ತಿಕೊಳ್ಳುತ್ತವೆ.

ಕಾಕಾ ಎಲೆ ಅಡಿಕೆ ಮೆಲ್ಲುತ್ತ ಕೇಳಿದರು, "ಎಲ್ಲಾವಕ್ಕೂ ಅದೇ ಜಿಪ್ ಇದ್ರ, ಯಾರಿಗೆ ಯಾರು ಜೋಡಿ ಅಂತ ಹೆಂಗ ಗೊತ್ತಾಗ್ತದ?"

ನಾವು ಮೂವರೂ ಗಪ್‌ಚುಪ್. ನಮ್ಮ 22 ಸ್ಲೈಡಿನಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ರಾತ್ರಿ ಮಾಳಿಗೆ ಮೇಲೆ ಕೂತು ಮತ್ತೆ ಓದಿದೆವು. ಉತ್ತರ ಇದ್ದದ್ದು ಜಿಪ್ಪಿನ ಅಂಚಿನಲ್ಲಿ. ಲ್ಯೂಸಿನ್ ಅಂಟಿಸುತ್ತದೆ ಅಷ್ಟೇ. ಆರಿಸುವ ಕೆಲಸದಲ್ಲಿ ಅದರ ಅಕ್ಕಪಕ್ಕದ ವಿದ್ಯುದಂಶಗಳ ಪಾತ್ರ ದೊಡ್ಡದು. ನಮ್ಮ ಮೈಯಲ್ಲೇ ಇರುವ ಫಾಸ್ ಮತ್ತು ಜುನ್ ಎಂಬ ಪ್ರೋಟೀನು ನೋಡಿ. ಫಾಸ್ ಅಂಚಿನಲ್ಲಿ ಋಣ ಅಂಶ ಜಾಸ್ತಿ, ಜುನ್ ಅಂಚಿನಲ್ಲಿ ಧನ. ಫಾಸ್‌ಗೆ ಫಾಸ್ ಎದುರಾದರೆ ಋಣ-ಋಣ ತಳ್ಳಾಡಿ ಜೋಡಿ ನಿಲ್ಲುವುದಿಲ್ಲ. ಜುನ್ ತನ್ನಂಥದರ ಜತೆಗೂ ಹೇಗೋ ಕೂಡುತ್ತದೆ, ಆದರೆ ಫಾಸ್ ಸಿಕ್ಕರೆ ಗಟ್ಟಿ ಜೋಡಿ. 1992ರಲ್ಲಿ ಪೀಟರ್ ಕಿಮ್ ಅವರ ತಂಡ ತೋರಿಸಿದ್ದು ಇದನ್ನೇ: ಈ ಆಯ್ಕೆಗೆ ಮುಖ್ಯ ಕಾರಣ ಫಾಸ್‌ಗೆ ಫಾಸ್ ಕೂಡಿಬರದಿರುವುದು.

ಬೆಳಿಗ್ಗೆ ಹೇಳಿದಾಗ ಕಾಕಾ ನಕ್ಕರು. "ಇಷ್ಟೇ ಏನು? ಹಾಯೋ ಎತ್ತು ಎರಡನ್ನ ಒಂದೇ ನೊಗಕ್ಕ ಕಟ್ಟಾಕ ಬರಂಗಿಲ್ಲ. ಒಂದು ಹಾಯೋದಿದ್ರ, ಇನ್ನೊಂದು ಸಾಧು ಇರಬೇಕು."

ಆಮೇಲೆ ಹೊಲಕ್ಕೆ ಕರೆದುಕೊಂಡು ಹೋದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಸೀಮೆ ಇದು. ಒಂದು ಮೂಲೆಯಲ್ಲಿ ನೆಲ ಬೆಳ್ಳಗೆ ಉಪ್ಪು ಕಟ್ಟಿತ್ತು. "ಈ ಸವುಳಿಗೆ ನಿಮ್ಮ ಜಿಪ್ಪು ಏನರ ಮಾಡ್ತದೇನು?"

ಭತ್ತದಲ್ಲಿ ಇಂಥ 89 ಪ್ರೋಟೀನ್ ಜೀನುಗಳನ್ನು ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪಟ್ಟಿ ಮಾಡಿದ್ದಾರೆ. ಅದೇ ವರ್ಷ ಚೀನಾದವರು ಅದರಲ್ಲೊಂದನ್ನು, ಓಎಸ್‌ಬಿಜಿಪ್23 ಅನ್ನು, ಗಿಡದಲ್ಲಿ ಹೆಚ್ಚಿಸಿದಾಗ ಭತ್ತ ಬರವನ್ನೂ ಉಪ್ಪನ್ನೂ ಹೆಚ್ಚು ತಾಳಿತು. ಇದೆಲ್ಲ ಹೇಳಬಹುದಿತ್ತು. ಆದರೆ ಕಾಕಾ ಕೇಳಿದ್ದು ಬೀಜ. ನಾವು ನಿಜ ಹೇಳಿದೆವು, "ನಮ್ಮ ಕೈಯಾಗ ಇನ್ನಾ ಏನೂ ಇಲ್ಲ ಕಾಕಾ."

"ಇರ್ಲಿ ಬಿಡ್ರಿ. ಓದ್ರಿ ಮೊದಲ," ಅಂದರು.

ಸೆಮಿನಾರಿನಲ್ಲಿ ಹತ್ತು ಸ್ಲೈಡ್ ತೆಗೆದು ಹಾಕಿದೆವು. ಮೊದಲನೆಯದರಲ್ಲಿ ಒಂದೇ ಸಾಲು ಬರೆದೆವು, ಕಾಕಾ ಕೇಳಿದ ಮೊದಲ ಪ್ರಶ್ನೆ. ಎರಡನೇ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಭತ್ತವನ್ನೇ ಆರಿಸಿಕೊಂಡಿದ್ದೇವೆ.