ಒಂದೇ ಮುಖದ ಅಂಗಡಿ

ಸ್ಯಾನ್ ಫ್ರಾನ್ಸಿಸ್ಕೋ

ಚಿಕ್ಕಪ್ಪನವರಿಗೆ,

ಅಮೆರಿಕಕ್ಕೆ ಹೋದವನು ಸೇತುವೆ ನೋಡುವುದು ಬಿಟ್ಟು ಅಂಗಡಿ ನೋಡುತ್ತಾ ನಿಂತಿದ್ದಾನೆ ಅಂತ ಚಿಕ್ಕಮ್ಮ ನಗಬಹುದು. ಸೇತುವೆಯನ್ನೂ ನೋಡಿದೆ. ಅದರ ಫೋಟೊ ಎಲ್ಲರ ಮನೆ ಕ್ಯಾಲೆಂಡರಿನಲ್ಲೂ ಇದೆ, ಅದನ್ನೇನು ಬರೆಯಲಿ? ದಾವಣಗೆರೆಯಲ್ಲಿ ಅಷ್ಟು ವರ್ಷ ಗಲ್ಲಾದ ಮೇಲೆ ಕೂತ ನಿಮಗೆ ಅಂಗಡಿಯ ಸುದ್ದಿಯೇ ಸರಿ.

ಈ ಊರಿನ ಮರೀನಾ ಬಡಾವಣೆಯಲ್ಲಿ, ಕೊಲ್ಲಿಗೆ ಎದುರಾಗಿ, 1959ರಲ್ಲಿ ತೆರೆದ ಒಂದು ಸೇಫ್‌ವೇ ಸೂಪರ್‌ಮಾರ್ಕೆಟ್ ಇದೆ. ವರ್ಸ್ಟರ್, ಬರ್ನಾರ್ಡಿ, ಎಮನ್ಸ್ ಎಂಬ ಇಲ್ಲಿನ ಹೆಸರಾಂತ ವಾಸ್ತುಶಿಲ್ಪಿಗಳ ಕೆಲಸ. ಅಗಲಕ್ಕೆ ಬಾಗಿದ ಚಾವಣಿ, ಅದರ ಕೆಳಗೆ ಮುಂಭಾಗವೆಲ್ಲ ಗಾಜು, ಗಾಜಿನ ಮುಂದೆ ಕಾರು ನಿಲ್ಲಿಸುವ ಬಯಲು. ಈ ನಮೂನೆ ಕಂಪನಿಗೆ ಎಷ್ಟು ಹಿಡಿಸಿತೆಂದರೆ ಪಶ್ಚಿಮದ ಎಷ್ಟೋ ಊರುಗಳಲ್ಲಿ ಇದನ್ನೇ ಮತ್ತೆ ಮತ್ತೆ ಕಟ್ಟಿದರು. ಇಂದಿಗೂ ಜನ ಅದನ್ನು ಮರೀನಾ ಮಾದರಿ ಅಂತಲೇ ಗುರುತಿಸುತ್ತಾರೆ.

ಒಳಗೆ ಕಾಲಿಟ್ಟ ಕೂಡಲೇ ಕಂಬ ಎಲ್ಲಿದೆ ಅಂತ ಹುಡುಕುವುದು ಎಂಜಿನಿಯರನ ಚಟ. ಆ ಕಾಲದ ಇಂಥ ಅಂಗಡಿಗಳಲ್ಲಿ ನಡುಮಧ್ಯೆ ಕಂಬ ಸಿಗುವುದೇ ಅಪರೂಪ. ತೆಳು ಹಲಗೆಗಳನ್ನು ಪದರಪದರವಾಗಿ ಅಂಟಿಸಿ ಬಾಗಿಸಿದ ಮರದ ಕಮಾನು, ಇಲ್ಲವೇ ಬಿಲ್ಲಿನಾಕಾರದ ಟ್ರಸ್ಸು, ಈ ಪಕ್ಕದ ಗೋಡೆಯಿಂದ ಆ ಪಕ್ಕದ ಗೋಡೆಗೆ ಒಂದೇ ನೆಗೆತ. ಮೇಲೆ ಭಾರ ಬಿದ್ದರೆ ಕಮಾನು ಕಾಲು ಅಗಲಿಸಲು ನೋಡುತ್ತದೆ. ಆದ್ದರಿಂದ ಎರಡೂ ತುದಿಗಳನ್ನು ಉಕ್ಕಿನ ಸರಳಿನಿಂದ ಬಿಗಿಯಬೇಕು, ಇಲ್ಲವೇ ಕಾಲನ್ನು ಹೊರಗೆ ತಂದು ನೆಲಕ್ಕೆ ಗಟ್ಟಿಯಾಗಿ ಊರಬೇಕು. ಅಷ್ಟು ಮಾಡಿದರೆ ಲಾಭ ಎರಡು. ಒಳಗೆ ಕಪಾಟಿನ ಸಾಲುಗಳನ್ನು ಬೇಕಾದಾಗ ಬೇಕಾದ ಕಡೆ ಸರಿಸಬಹುದು. ಭಾರವೆಲ್ಲ ಪಕ್ಕದ ಗೋಡೆಗಳ ಮೇಲೆ ಹೋಗುವುದರಿಂದ ಮುಂದಿನ ಗೋಡೆಗೆ ಹೊರುವ ಕೆಲಸವೇ ಇಲ್ಲ, ಪೂರ್ತಿ ಗಾಜು ಹಾಕಿದರೂ ನಡೆಯುತ್ತದೆ. ಕತ್ತಲಾದ ಮೇಲೆ ದೀಪ ಹಾಕಿದರೆ ಅಂಗಡಿಗೆ ಅಂಗಡಿಯೇ ಷೋಕೇಸು.

ಇಷ್ಟೆಲ್ಲ ಸರ್ಕಸ್ಸು ಯಾರಿಗಾಗಿ? ಒಳಗಿರುವ ಗಿರಾಕಿ ತಲೆ ಎತ್ತಿ ಚಾವಣಿ ನೋಡುವುದಿಲ್ಲ, ಅವನ ಕಣ್ಣು ಕಪಾಟಿನ ಮೇಲೆ. ಚಾವಣಿ ಇರುವುದು ಕಾರಿನಲ್ಲಿ ಹೋಗುವವನಿಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ಊರಾಚೆಯ ಹೊಸ ಬಡಾವಣೆಗಳಿಗೆ ಹೋದರು, 1956ರ ಕಾಯ್ದೆಯಿಂದ ದೇಶದ ಉದ್ದಗಲಕ್ಕೂ ಹೆದ್ದಾರಿಗಳು ಬಂದವು. ಓಡುವ ಕಾರಿನಲ್ಲಿ ಕೂತವನಿಗೆ ಸಣ್ಣ ಅಕ್ಷರದ ಬೋರ್ಡು ಓದಲು ಪುರುಸೊತ್ತಿಲ್ಲ, ಹಾಗಾಗಿ ಕಟ್ಟಡವನ್ನೇ ಬೋರ್ಡು ಮಾಡಿದರು. ಪಂಡಿತರು ಇದನ್ನು ಗಮನಿಸಿದ್ದು ತಡವಾಗಿ. ರಾಬರ್ಟ್ ವೆಂಚುರಿ, ಡೆನಿಸ್ ಸ್ಕಾಟ್ ಬ್ರೌನ್ 1968ರಲ್ಲಿ ಬರೆದ ಒಂದು ಲೇಖನದ ತಲೆಬರಹದಲ್ಲೇ ಎ ಅಂಡ್ ಪಿ ಎಂಬ ಕಿರಾಣಿ ಕಂಪನಿಯ ಅಂಗಡಿಗಳ ಪಾರ್ಕಿಂಗ್ ಬಯಲು ಇತ್ತು.

ಸುಮ್ಮನಿರಲಾರದೆ ಕಟ್ಟಡವನ್ನು ಒಂದು ಸುತ್ತು ಹಾಕಿದೆ. ಹಿಂದುಗಡೆ ಬೋಳು ಗೋಡೆ, ಲಾರಿ ಬಂದು ನಿಲ್ಲುವ ಕಟ್ಟೆ, ಮಡಿಚಿ ಒಟ್ಟಿದ ರಟ್ಟಿನ ಪೆಟ್ಟಿಗೆಗಳು. ಕಟ್ಟಿಸಿದವರು ಖರ್ಚು ಮಾಡಿದ್ದೆಲ್ಲ ಮುಂದಿನ ಮುಖಕ್ಕೆ. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ, ವ್ಯಾಪಾರದ ಕಟ್ಟಡ ವ್ಯಾಪಾರದಂತೆಯೇ ಇದೆ.

ಈ ಕಥೆಯ ಬೇರು ಮಾತ್ರ ಕಾರಿನಲ್ಲಿಲ್ಲ, ಗಲ್ಲಾದಲ್ಲಿದೆ. ಬರುವ ದಾರಿಯಲ್ಲಿ ಮೆಂಫಿಸ್‌ನಲ್ಲಿ ಇಳಿದಿದ್ದೆ. ಅಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಕಿರಾಣಿ ಅಂಗಡಿ ತೆರೆದ. ಅಲ್ಲಿಯವರೆಗೆ ಅಲ್ಲೂ ನಿಮ್ಮ ಅಂಗಡಿಯ ಪದ್ಧತಿಯೇ: ಗಿರಾಕಿ ಚೀಟಿ ಕೊಡುವುದು, ಆಳು ಒಂದೊಂದನ್ನೇ ತೂಗಿ ಪೊಟ್ಟಣ ಕಟ್ಟುವುದು. ಸಾಂಡರ್ಸ್ ಆ ಕೆಲಸವನ್ನು ಗಿರಾಕಿಯ ಹೆಗಲಿಗೇ ಹಾಕಿದ. ಅದರ ಪ್ರತಿಕೃತಿಯನ್ನು ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ. ತಿರುಗುವ ಗೇಟು ತಳ್ಳಿಕೊಂಡು ಒಳಗೆ ಹೋದರೆ ಹಿಂದೆ ಬರುವ ಹಾಗಿಲ್ಲ. ಡಬ್ಬಿ ಜೋಡಿಸಿದ ಕಪಾಟುಗಳ ನಡುವೆ ಇಕ್ಕಟ್ಟು ಹಾದಿ, ಪ್ರತಿ ಸಾಮಾನಿಗೂ ಬೆಲೆಯ ಚೀಟಿ. ಎಲ್ಲ ಸಾಲು ದಾಟಿಸಿಯೇ ಹಾದಿ ನಿಮ್ಮನ್ನು ದುಡ್ಡು ಕಟ್ಟುವ ಜಾಗಕ್ಕೆ ತಂದು ಬಿಡುತ್ತದೆ. ಉಪ್ಪು ಕೊಳ್ಳಲು ಬಂದವನೂ ಬಿಸ್ಕತ್ತು, ಸೋಪು ಎಲ್ಲವನ್ನೂ ನೋಡಿಯೇ ಹೋಗಬೇಕು. ಈ ವಿನ್ಯಾಸಕ್ಕೆ ಆತ 1917ರಲ್ಲಿ ಪೇಟೆಂಟ್ ಕೂಡ ಪಡೆದ. 1923ರಲ್ಲಿ ತನ್ನದೇ ಕಂಪನಿಯ ಷೇರಿನ ಜೂಜಾಟದಲ್ಲಿ ವಾಲ್ ಸ್ಟ್ರೀಟಿನವರ ಎದುರು ಸೋತು ಎಲ್ಲ ಕಳೆದುಕೊಂಡ. ಕಟ್ಟಿಸುತ್ತಿದ್ದ ಗುಲಾಬಿ ಅಮೃತಶಿಲೆಯ ಬಂಗಲೆಯೂ ಕೈಬಿಟ್ಟಿತು. ಆ ಬಂಗಲೆಯೇ ಈಗಿನ ಮ್ಯೂಸಿಯಂ. ಪ್ರತಿಕೃತಿ ಇಟ್ಟಿರುವುದೂ ಅಲ್ಲೇ.

ಮುಂದೆ ಮೈಕೇಲ್ ಕಲನ್. 1930ರಲ್ಲಿ, ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ನರಳುವಾಗ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಒಂದು ಹಳೆಯ ಗ್ಯಾರೇಜಿನಲ್ಲಿ ಕಿಂಗ್ ಕಲನ್ ಎಂಬ ಅಂಗಡಿ ಶುರು ಮಾಡಿದ. ರಾಶಿ ಹಾಕು, ಅಗ್ಗಕ್ಕೆ ಮಾರು, ಇಷ್ಟೇ ಲೆಕ್ಕ. ಉದ್ರಿ ಇಲ್ಲ, ಮನೆಗೆ ಸಾಮಾನು ಕಳಿಸುವುದೂ ಇಲ್ಲ. ನಿಮ್ಮ ಉದ್ರಿ ಪುಸ್ತಕ ನೆನಪಾಯಿತು. ಕಲನ್‌ನ ಅಂಗಡಿಯಲ್ಲಿ ಅದನ್ನು ಯಾರೂ ಬರೆಯುತ್ತಿರಲಿಲ್ಲ, ವಸೂಲಿಗೆ ಯಾರೂ ಅಲೆಯುತ್ತಲೂ ಇರಲಿಲ್ಲ.

ರಾಶಿ ಹಾಕಿದ್ದೇನೋ ಸರಿ, ಹೊರುವವರು ಯಾರು? ಕೈಬುಟ್ಟಿ ತುಂಬಿ ಭಾರವಾದ ಕೂಡಲೇ ಗಿರಾಕಿ ಕೊಳ್ಳುವುದು ನಿಲ್ಲಿಸುತ್ತಾನೆ. ಒಕ್ಲಹೋಮ ಸಿಟಿಯ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್ ಇದಕ್ಕೆ ಉಪಾಯ ಕಂಡುಕೊಂಡಿದ್ದು ಮಡಿಚುವ ಕುರ್ಚಿ ನೋಡಿ. ಅದಕ್ಕೆ ಚಕ್ರ ಹಚ್ಚಿ, ಬುಟ್ಟಿ ಕೂರಿಸಿ, 1937ರಲ್ಲಿ ತಳ್ಳುಗಾಡಿ ಅಂಗಡಿಗೆ ತಂದ. ಯಾರೂ ಮುಟ್ಟಲಿಲ್ಲ! ಗಂಡಸರಿಗೆ ತಮ್ಮ ತೋಳಿನಲ್ಲಿ ಬಲವಿಲ್ಲ ಅನ್ನಿಸಿಕೊಳ್ಳುವ ನಾಚಿಕೆ, ಹೆಂಗಸರಿಗೆ ಮಗುವಿನ ಗಾಡಿ ತಳ್ಳಿ ಸಾಕಾಗಿತ್ತು. ಕೊನೆಗೆ ಬೇರೆ ಬೇರೆ ವಯಸ್ಸಿನವರನ್ನು ಸಂಬಳಕ್ಕಿಟ್ಟು, ಗಾಡಿ ತಳ್ಳುತ್ತಾ ಗಿರಾಕಿಗಳ ಹಾಗೆ ಓಡಾಡಿಸಿದ. ಅಲ್ಲಿಂದ ಮುಂದೆ ಕೇಳಬೇಕೇ? ಗಾಡಿ ಬಂದ ಮೇಲೆ ಸಾಲಿನ ಅಗಲ, ಗೇಟಿನ ಅಗಲ, ನೆಲದ ನುಣುಪು ಎಲ್ಲ ಅದರ ಅಳತೆಗೇ ಆಯಿತು. 1957ರಲ್ಲಿ ಎಲಿಜಬೆತ್ ರಾಣಿ ಮೇರಿಲ್ಯಾಂಡಿನ ಒಂದು ಸೂಪರ್‌ಮಾರ್ಕೆಟ್ಟಿಗೆ ಬಂದಾಗ ಆಕೆಯ ಕಣ್ಣಿಗೆ ಬಿದ್ದದ್ದೂ ಗಾಡಿಯಲ್ಲಿ ಮಗುವಿಗೆಂದು ಇದ್ದ ಆಸನವೇ. ಎರಡು ವರ್ಷದ ನಂತರ ಸೋವಿಯತ್ ನಾಯಕ ಕ್ರುಶ್ಚೇವ್ ಇದೇ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸೂಪರ್‌ಮಾರ್ಕೆಟ್ ನೋಡಲು ಹೋದರು. ಜತೆಗೆ ನುಗ್ಗಿದ ಫೋಟೊಗ್ರಾಫರುಗಳ ಗದ್ದಲದಲ್ಲಿ ಏನು ನೋಡಿದರೋ!

ಎಲ್ಲರೂ ಕಮಾನಿಗೇ ಮರುಳಾಗಲಿಲ್ಲ. ಫ್ಲಾರಿಡಾದ ಜಾರ್ಜ್ ಜೆಂಕಿನ್ಸ್ 1940ರಲ್ಲೇ ವಿಂಟರ್ ಹೇವನ್‌ನಲ್ಲಿ ಅಮೃತಶಿಲೆ, ಹವಾನಿಯಂತ್ರಣ, ತಾನಾಗಿ ತೆರೆಯುವ ಬಾಗಿಲು ಎಲ್ಲ ಇದ್ದ ಪಬ್ಲಿಕ್ಸ್ ಎಂಬ ಅಂಗಡಿ ಕಟ್ಟಿಸಿದ. ಪೂರ್ವದ ಕಡೆ ಎ ಅಂಡ್ ಪಿ ಕಂಪನಿಯವರು ಇಟ್ಟಿಗೆಯ ಮುಖ, ಮೇಲೊಂದು ಪುಟ್ಟ ಗೋಪುರ, ತುದಿಗೆ ಗಾಳಿಕೋಳಿ ಇಟ್ಟು ಹಳೆಯ ವಸಾಹತು ಕಾಲದ ವೇಷ ಹಾಕಿದರು. ನನ್ನನ್ನು ಕೇಳಿದರೆ ಅದು ಸುಳ್ಳು ಹಳಮೆ. ಹೊಸದಾಗಿರಲು ನಾಚದ ಗಾಜಿನ ಅಂಗಡಿಯೇ ಮೇಲು. ಆದರೆ ಒಂದನ್ನು ಮುಚ್ಚಿಡಬಾರದು. ಅಂಗಡಿಗಳು ಕಾರಿನ ಹಿಂದೆ ಊರಾಚೆ ಹೋದಾಗ, ಊರೊಳಗೆ ಉಳಿದ ಕಾರಿಲ್ಲದವರು, ಅದರಲ್ಲೂ ಬಡ ಕಪ್ಪು ಜನರ ಕೇರಿಗಳವರು, ತಾಜಾ ತರಕಾರಿಗೆ ಬಸ್ಸು ಹತ್ತುವಂತಾಯಿತು. ಆ ತೊಂದರೆ ಇನ್ನೂ ತೀರಿಲ್ಲ.

ಐವತ್ತರ ದಶಕದ ಆ ಕಟ್ಟಡಗಳು ಈಗಿನ ವ್ಯಾಪಾರಕ್ಕೆ ಚಿಕ್ಕವು. ಹಲವನ್ನು ಕೆಡವಿದ್ದಾರೆ, ಕೆಲವು ಔಷಧಿ ಅಂಗಡಿ, ಜಿಮ್, ಚರ್ಚು ಆಗಿವೆ. ನಾವು ಇಳಿದುಕೊಂಡಿರುವ ಮನೆಯವರು ದಿನಸಿ ತರುವ ಇಂಡಿಯನ್ ಸ್ಟೋರ್ ಇರುವುದೂ ಅಂಥದೇ ಬಾಗಿದ ಚಾವಣಿಯ ಹಳೆಯ ಕಟ್ಟಡದಲ್ಲಿ. ಗಾಜಿಗೆ ಒತ್ತಿ ಸೋನಾ ಮಸೂರಿ ಮೂಟೆಗಳನ್ನು ಆಳೆತ್ತರ ಪೇರಿಸಿದ್ದಾರೆ, ಹೊರಗಿನಿಂದ ಒಳಗೇನೂ ಕಾಣುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಸಿಕ್ಕಿತು. ಬೆಲೆ ಬರೆದರೆ ನೀವು ನಂಬುವುದಿಲ್ಲ, ಬಂದ ಮೇಲೆ ಬಿಲ್ಲನ್ನೇ ತೋರಿಸುತ್ತೇನೆ. ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ. ಅವರು ಹೇಳಿದ್ದ ಸ್ಟೀಲ್ ಫಿಲ್ಟರ್ ಇಲ್ಲಿ ಕೊಳ್ಳುವುದು ಬೇಡ, ನಮ್ಮ ಚೌಕಿಪೇಟೆಯಲ್ಲೇ ಅಗ್ಗ.

ಇಂತಿ ನಿಮ್ಮ ಮಗ,
ರವಿ