ಭಂಡಾರಕ್ಕೆ ಎರಡು ಬಾಗಿಲು

1905ನೆಯ ಇಸವಿಯಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ತಾಳೆಯೋಲೆಯ ಕಟ್ಟೊಂದನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಆ ಕಟ್ಟು ಮೈಸೂರನ್ನು ಸೇರುವ ಮೊದಲೇ ಗೆದ್ದಲಿಗೆ ಆಹುತಿಯಾಗಿದ್ದರೆ ಏನಾಗುತ್ತಿತ್ತು? ಹಳೆಯ ಗ್ರಂಥಗಳೊಡನೆ ಕಾಲ ಕಳೆದವರನ್ನು ಈ ಪ್ರಶ್ನೆಯು ಬಿಡದೆ ಕಾಡುವುದು.

ಒಂದಾನೊಂದು ಜಿಲ್ಲೆಯ ಸಣ್ಣ ಭಂಡಾರದ ಮೇಲ್ವಿಚಾರಕರಾದ ಶಾಸ್ತ್ರಿಗಳಿಗೂ ಇದೇ ಚಿಂತೆ. ಅಲ್ಲಿಯ ಓಲೆಗಳಿಗೆಲ್ಲ ಛಾಯಾಚಿತ್ರ ತೆಗೆದು ಸರ್ವರಿನಲ್ಲಿ ಸೇರಿಸಿದ್ದಾಗಿತ್ತು. ಚಿತ್ರ ತೆಗೆದ ಮೇಲೆ ಕೆಲವು ಓಲೆಗಳು, ಅಷ್ಟಕ್ಕಾಗಿಯೇ ಕಾದಿದ್ದುವೋ ಎಂಬಂತೆ, ಪುಡಿಪುಡಿಯಾಗಿ ಹೋದುವು. ಅವುಗಳ ಪಾಲಿಗೆ ಚಿತ್ರವೇ ಈಗ ಮೂಲ. ಹೀಗಿರಲಾಗಿ 2022ರ ಶ್ರಾವಣದ ಒಂದು ಬೆಳಗ್ಗೆ ಚಿತ್ರಗಳು ತೆರೆಯಲೊಲ್ಲವು. ಹನ್ನೊಂದು ದಿನ ಶಾಸ್ತ್ರಿಗಳಿಗೆ ಅನ್ನ ರುಚಿಸಲಿಲ್ಲ.

ವಿಚಿತ್ರವೆಂದರೆ ಡಿಸ್ಕುಗಳಲ್ಲಿ ಒಂದಕ್ಕೂ ಕೇಡು ತಟ್ಟಿರಲಿಲ್ಲ. ಡಿಸ್ಕು ಕೆಡುವುದು ಸಹಜವೆಂದು ಬಲ್ಲವರು ಅದಕ್ಕೆ ಮೊದಲೇ ಉಪಾಯ ಮಾಡಿರುತ್ತಾರೆ. ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಉಪಾಯಕ್ಕೆ ರೇಡ್ ಎಂಬ ಹೆಸರು ಬಂದಿತು. ವೇದಾಧ್ಯಯನದಲ್ಲಿ ಪದ, ಕ್ರಮ, ಜಟೆ, ಘನವೆಂದು ಒಂದೇ ಪದವನ್ನು ನೆರೆಯ ಪದಗಳೊಡನೆ ಹಿಂದೆ ಮುಂದೆ ಹೆಣೆದು ಹೇಳಿಸುವರಷ್ಟೆ. ಒಂದು ಕಡೆ ತಪ್ಪಿದ್ದನ್ನು ಇನ್ನೊಂದು ಕಡೆಯ ಪಾಠವು ಹಿಡಿದುಕೊಡುವುದು. ಡಿಸ್ಕುಗಳಲ್ಲಿ ಈ ಕೆಲಸವನ್ನು ಲೆಕ್ಕವು ಮಾಡುತ್ತದೆ. ಭಂಡಾರದ ಪೆಟ್ಟಿಗೆಯಲ್ಲಿದ್ದ ಹನ್ನೆರಡು ಡಿಸ್ಕುಗಳಲ್ಲಿ ಯಾವ ಎರಡು ಕೆಟ್ಟರೂ ಉಳಿದ ಹತ್ತರಿಂದ ಎಲ್ಲವನ್ನೂ ಮರಳಿ ಪಡೆಯಬಹುದಾಗಿತ್ತು.

ಆದರೆ ಹನ್ನೆರಡಕ್ಕೂ ದ್ವಾರಪಾಲಕನು ಒಬ್ಬನೇ. ಕಂಟ್ರೋಲರ್ ಎಂಬ ಆ ಫಲಕವೇ ಯಾವ ಅಕ್ಷರವು ಯಾವ ಡಿಸ್ಕಿನಲ್ಲಿರಬೇಕೆಂದು ನಿರ್ಣಯಿಸತಕ್ಕದ್ದು. ಓದುವುದೂ ಬರೆಯುವುದೂ ಅದರ ಮೂಲಕವೇ. ಅದು ಸುಟ್ಟುಹೋಗಿತ್ತು. ಧಾನ್ಯವೆಲ್ಲ ಸುರಕ್ಷಿತ, ಕಣಜಕ್ಕೆ ಮಾತ್ರ ಬಾಗಿಲಿಲ್ಲ! ಅದೇ ಜಾತಿಯ ಹಳೆಯ ಫಲಕವೊಂದು ದೂರದ ಊರಿನಿಂದ ಬಂದ ಬಳಿಕವೇ ಚಿತ್ರಗಳು ಕಂಡದ್ದು.

ಮರುವರ್ಷ ಎರಡು ಕಂಟ್ರೋಲರುಗಳುಳ್ಳ ಹೊಸ ಪೆಟ್ಟಿಗೆಯನ್ನು ತರಿಸಿದರು. ಅದನ್ನು ಜೋಡಿಸಲು ಬಂದ ತರುಣನು ವಿನಯಶಾಲಿ, ಕೆಲಸ ಬಲ್ಲವನು. ಸರ್ಕಾರದ ಖಜಾನೆಗೆ ಎರಡು ಬೀಗವಿದ್ದು ಇಬ್ಬರು ಅಧಿಕಾರಿಗಳು ಕೂಡಿದರೇ ತೆರೆಯುವಂತೆ ಇದೂ ಇರಬಹುದೆಂದು ಶಾಸ್ತ್ರಿಗಳು ಭಾವಿಸಿದ್ದರು. "ಅಲ್ಲ ಸ್ವಾಮಿ, ಇಲ್ಲಿ ಇಬ್ಬರಲ್ಲಿ ಯಾರೊಬ್ಬರಿದ್ದರೂ ತೆರೆಯಬೇಕು. ಕಳ್ಳನಿಗೆ ಹೆದರಿ ಮಾಡಿದ್ದು ಅದು, ಮರಣಕ್ಕೆ ಹೆದರಿ ಮಾಡಿದ್ದು ಇದು" ಎಂದು ತರುಣನು ಹೇಳಿದನು. ಶಾಸ್ತ್ರಿಗಳಿಗೆ ಆ ಮಾತು ಬಹಳ ಹಿಡಿಸಿತು.

ಇಂಥ ಪೆಟ್ಟಿಗೆಗೆ ಎಲ್ಲ ಡಿಸ್ಕುಗಳೂ ಒದಗವು. ಸಾಟಾ ಎಂಬ ಜಾತಿಗೆ ಮುಖವು ಒಂದೇ. ಸ್ಯಾಸ್ ಎಂಬ ಜಾತಿಗೆ ಎರಡು ಮುಖಗಳಿದ್ದು, ಒಂದೊಂದು ಮುಖವು ಒಂದೊಂದು ಕಂಟ್ರೋಲರನ್ನು ನೋಡುತ್ತಿರುತ್ತದೆ. ಬರೆಯಬೇಕಾದುದನ್ನು ಕಂಟ್ರೋಲರು ಮೊದಲು ತನ್ನ ನೆನಪಿನಲ್ಲಿರಿಸಿಕೊಂಡು, ಜೊತೆಯವನಿಗೂ ಒಪ್ಪಿಸಿದ ಮೇಲೆಯೇ ಆಯಿತೆಂದು ಸರ್ವರಿಗೆ ಉತ್ತರ ಕೊಡುವುದು. ಆದಕಾರಣ ಒಂದು ಹಠಾತ್ತನೆ ನಿಂತರೂ ಒಪ್ಪಿಕೊಂಡ ಮಾತು ಮತ್ತೊಂದರಲ್ಲಿ ಉಳಿದಿರುವುದು. ಜೊತೆಯಿಲ್ಲದೆ ಒಂಟಿಯಾದಾಗ ಅದು ನೆನಪನ್ನು ನೆಚ್ಚದೆ ನೇರವಾಗಿ ಡಿಸ್ಕಿಗೇ ಬರೆಯತೊಡಗುತ್ತದೆ. ಕೆಲಸ ನಿಧಾನ, ಆದರೆ ನಿರ್ಭಯ.

ಸರ್ವರಿನಿಂದ ಪೆಟ್ಟಿಗೆಗೆ ಎರಡು ಕೇಬಲುಗಳನ್ನು ಜೋಡಿಸಿದ್ದಾಯಿತು. ದಾರಿ ಎರಡಾದರೆ ಸರ್ವರಿನ ಕಣ್ಣಿಗೆ ಒಂದೇ ಭಂಡಾರವು ಎರಡಾಗಿ ತೋರುವುದು. ಮಲ್ಟಿಪಾತ್ ಎಂಬ ವ್ಯವಸ್ಥೆಯು ಇವೆರಡೂ ಒಂದೇ ಎಂಬ ಅದ್ವೈತವನ್ನು ಅದಕ್ಕೆ ಬೋಧಿಸಬೇಕು. ಅದೂ ಆಯಿತು. ಎರಡು ದಾರಿಗಳೂ ಸರಿಯಾಗಿವೆಯೆಂದು ತೆರೆಯ ಮೇಲೆ ಬರೆದು ಬಂದಿತು. ತರುಣನು ಚೀಲವನ್ನು ಕಟ್ಟತೊಡಗಿದನು.

"ಪರೀಕ್ಷೆಯಿಲ್ಲದೆ ಪಾಸು ಮಾಡುವುದುಂಟೇನಪ್ಪಾ? ಒಂದನ್ನು ಕಿತ್ತು ತೋರಿಸು."

ತರುಣನು ಹಿಂಜರಿದನು. ನಡೆಯುತ್ತಿರುವ ಯಂತ್ರದ ಅಂಗವನ್ನು ಕೀಳಲು ಯಾರ ಕೈಯೂ ಸುಲಭವಾಗಿ ಮುಂದಾಗದು. ಎಲ್ಲ ಚಿತ್ರಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿರಿಸಿ, ಮರುದಿನ ಕೆಲವು ಚಿತ್ರಗಳನ್ನು ನಕಲು ಮಾಡುವ ಕೆಲಸವನ್ನು ನಡೆಸುತ್ತಿರುವಾಗಲೇ ಮೊದಲನೆಯ ಕಂಟ್ರೋಲರನ್ನು ಎಳೆದನು. ನಕಲು ನಿಂತಿತು. ಒಂದು ನಿಮಿಷವಾಯಿತು, ಎರಡಾಯಿತು; ಬಳಿಕ ತೆರೆಯ ತುಂಬ ದೋಷದ ವರದಿಗಳು. ಶಾಸ್ತ್ರಿಗಳ ಮುಖವು ಬಿಳಿಚಿತು.

ಹಿಂದೆ ಹೋಗಿ ನೋಡಲಾಗಿ, ಎರಡು ಕೇಬಲುಗಳೂ ಮೊದಲನೆಯ ಕಂಟ್ರೋಲರಿಗೇ ಸೇರಿದ್ದುವು! ದಾರಿಗಳು ಎರಡೆಂದು ತೆರೆಯು ಹೇಳಿದ್ದು ಸುಳ್ಳಲ್ಲ. ಎರಡೂ ಒಂದೇ ಬಾಗಿಲಿಗೆ ಮುಟ್ಟುತ್ತಿದ್ದುವೆಂಬುದನ್ನು ಮಾತ್ರ ಅದು ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ನಿಜವನ್ನೇ ಉತ್ತರಿಸಿ ಮೋಸಮಾಡುವ ಸಾಕ್ಷಿಗಳು ನ್ಯಾಯಸ್ಥಾನದಲ್ಲಿಯೇ ಇರಬೇಕೆಂದೇನೂ ಇಲ್ಲವಷ್ಟೆ. ನಾಚಿಕೆಯಿಂದ ತಲೆತಗ್ಗಿಸಿದ ತರುಣನನ್ನು ಶಾಸ್ತ್ರಿಗಳು ಗದರಿಸಲಿಲ್ಲ. "ಇಂದೇ ತಿಳಿಯಿತಲ್ಲ ಮಗು" ಎಂದಷ್ಟೆ ಹೇಳಿ ಕಾಫಿ ತರಿಸಿದರು.

ಕಣ್ಣು ತೆರೆದ ಮೇಲೆ ಇನ್ನೊಂದು ದೋಷವೂ ಕಂಡಿತು. ಪೆಟ್ಟಿಗೆಗೆ ವಿದ್ಯುತ್ತನ್ನು ಒದಗಿಸುವ ಘಟಕಗಳು ಎರಡಿದ್ದರೂ ಅವುಗಳ ತಂತಿಗಳು ಗೋಡೆಯ ಒಂದೇ ಹಲಗೆಯಲ್ಲಿ ಸೇರಿದ್ದುವು. ಅದನ್ನು ಬೇರ್ಪಡಿಸಿದರು. ಸರ್ವರಿನ ಎರಡು ಕಾರ್ಡುಗಳಲ್ಲಿ ಒಂದೊಂದರಿಂದಲೂ ಎರಡೂ ಕಂಟ್ರೋಲರುಗಳಿಗೆ ಅಡ್ಡಡ್ಡಲಾಗಿ ಕೇಬಲುಗಳನ್ನೆಳೆದರು, ದಾರಿಗಳು ನಾಲ್ಕಾದುವು. ಎರಡು ಕಂಟ್ರೋಲರುಗಳಲ್ಲಿಯೂ ಫರ್ಮ್‌ವೇರು ಒಂದೇ ಆವೃತ್ತಿಯದೆಂದು ನೋಡಿಕೊಂಡರು.

ಸಂಜೆ ಮತ್ತೆ ಪರೀಕ್ಷೆ. ನಕಲು ನಡೆಯುತ್ತಿತ್ತು. ತರುಣನು ಶಾಸ್ತ್ರಿಗಳ ಕಡೆ ಒಮ್ಮೆ ನೋಡಿ ಮೊದಲನೆಯ ಕಂಟ್ರೋಲರನ್ನು ಎಳೆದನು. ನಕಲು ನಿಂತಿತು. ಶಾಸ್ತ್ರಿಗಳು ಮನಸ್ಸಿನಲ್ಲಿಯೇ ಎಣಿಸತೊಡಗಿದರು. ಇಪ್ಪತ್ತಾರು ಎನ್ನುವಷ್ಟರಲ್ಲಿ ಅಂಕೆಗಳು ಚಲಿಸಿದುವು. ಕಿತ್ತುದನ್ನು ಸೇರಿಸಿ, ಅದು ಸ್ವಸ್ಥವಾಗುವವರೆಗೆ ಕಾದು, ಎರಡನೆಯದನ್ನು ಎಳೆದರು. ಮತ್ತೆ ಹಾಗೆಯೇ ಆಯಿತು. ಮೂಲಚಿತ್ರದ ಪರಿಶೀಲನಸಂಖ್ಯೆಯನ್ನೂ ನಕಲಿನ ಸಂಖ್ಯೆಯನ್ನೂ ಅಕ್ಷರಶಃ ಹೋಲಿಸಿ ಓದಿದರು, ಎಲ್ಲಿಯೂ ಭೇದವಿರಲಿಲ್ಲ.

"ಇನ್ನು ಭಯವಿಲ್ಲವಷ್ಟೆ?" ಎಂದು ಶಾಸ್ತ್ರಿಗಳು ಕೇಳಿದರು.

"ಕಂಟ್ರೋಲರು ಸತ್ತರೆ ಭಯವಿಲ್ಲ. ತಾವೇ ಮರೆತು ಒಂದು ಚಿತ್ರವನ್ನು ಅಳಿಸಿದಿರೋ, ಎರಡು ಕಂಟ್ರೋಲರುಗಳೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತವೆ. ಕಟ್ಟಡಕ್ಕೆ ಬೆಂಕಿ ಬಿದ್ದರೂ ಅಷ್ಟೆ. ಬೇರೆ ಊರಿನಲ್ಲಿ ಒಂದು ಪ್ರತಿ ಇರಲೇಬೇಕು ಸ್ವಾಮಿ."

ಶಾಸ್ತ್ರಿಗಳು ಕೂಡಲೇ ಸೊಸೆಯ ತವರೂರಿನ ಕಾಲೇಜಿನ ಹೆಸರನ್ನು ಹೇಳಿದರು. ಅಲ್ಲಿಯ ಗ್ರಂಥಪಾಲರು ಅವರ ಶಿಷ್ಯರು. ತರುಣನು ಪ್ರತಿಯೊಂದು ಕೇಬಲಿನ ತುದಿಗೂ ಚೀಟಿಯನ್ನಂಟಿಸಿ, ಯಾವುದು ಎಲ್ಲಿಗೆಂಬುದನ್ನು ಶಾಸ್ತ್ರಿಗಳ ಅಪೇಕ್ಷೆಯಂತೆ ಕನ್ನಡದಲ್ಲಿಯೇ ಬರೆದನು. ಅವನು ಬಸ್ಸಿಗೆ ಹೊರಟ ಮೇಲೆ ಶಾಸ್ತ್ರಿಗಳು ಕನ್ನಡಕವನ್ನು ಒರೆಸಿಕೊಂಡು, ಪುಡಿಯಾಗಿಹೋದ ಓಲೆಯೊಂದರ ಚಿತ್ರವನ್ನು ತೆರೆದು, ಹಿಂದಿನ ದಿನ ಬಿಟ್ಟಿದ್ದ ನಾಲ್ಕನೆಯ ಪಂಕ್ತಿಯಿಂದ ಪ್ರತಿ ಮಾಡಲು ಕುಳಿತರು.